ಮನೆಯ ಮಾತು, ಶಾಲೆಯ ಪಾಠ: ಪಾಲಕರಲ್ಲಿ ಒಂದು ಬಿನ್ನಹ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ಒಂದು ಕನ್ನಡ ಶಾಲೆ ನೂರು ವರ್ಷ ಪೂರೈಸುವುದು ಎಲ್ಲಿಯಾದರೂ ಸಂತಸದ ಸಂಗತಿಯೇ. ಮಹಾರಾಷ್ಟ್ರದ ಗಡಿಯೊಳಗೆ ಅದು ಪೂರೈಸುವುದಕ್ಕೆ ಇನ್ನೂ ಒಂದು ಅರ್ಥವಿದೆ. ಕರ್ನಾಟಕದ ಹಳ್ಳಿಯಲ್ಲಿ ಕನ್ನಡ ಶಾಲೆ ಸರಕಾರದ ಸಹಜ ವ್ಯವಸ್ಥೆಯಿಂದ ನಡೆಯುತ್ತದೆ. ಇಲ್ಲಿ ಅದು ನಡೆಯುವುದು ತಂದೆತಾಯಿಗಳು ಪ್ರತಿ ವರ್ಷ ಜೂನ್ ತಿಂಗಳಲ್ಲಿ ತಮ್ಮ ಮಗುವಿನ ಕೈಹಿಡಿದು ಈ ಬಾಗಿಲಿಗೆ ಬರುವುದರಿಂದ. ಆದ್ದರಿಂದ ಈ ಉತ್ಸವದ ಮೊದಲ ಗೌರವ ಪಾಲಕರಿಗೆ ಸಲ್ಲಬೇಕು. ಆ ಗೌರವದೊಂದಿಗೆ ಅವರ ಮುಂದೆ ಒಂದು ಬಿನ್ನಹವನ್ನೂ ಇಡಬೇಕೆಂದು ನಾವು ಈ ಸಂದರ್ಭವನ್ನು ಬಳಸಿಕೊಳ್ಳುತ್ತಿದ್ದೇವೆ.

ನಮ್ಮ ಸೀಮೆಯಲ್ಲಿ ಶಾಲೆಯೆಂಬುದು ಎಂದೂ ಸರಕಾರದ ಅಥವಾ ಶಿಕ್ಷಕರ ಒಬ್ಬರದೇ ಕೆಲಸವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿಯೂ ಮರಾಠಿ ಶಾಲೆಗಳೇ ನಡೆಯುತ್ತಿದ್ದ ಕಾಲದಲ್ಲಿ, ಧಾರವಾಡದ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. ಅಧಿಕಾರಿಯ ಆಜ್ಞೆಯಿಂದ ಶಾಲೆಯ ಬಾಗಿಲು ತೆರೆಯಬಹುದು. ಅದರಲ್ಲಿ ಮಕ್ಕಳು ಕೂಡಬೇಕಾದರೆ ತಂದೆತಾಯಿಗಳ ಮನಸ್ಸು ಒಪ್ಪಬೇಕು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಜನ ಶಿಕ್ಷಕರು. ಅದನ್ನು ಬೆಳೆಸಿದ್ದು ಜನರ ಕಾಣಿಕೆ. 1919ರಲ್ಲಿ ಕರ್ಮವೀರ ಭಾವುರಾವ್ ಪಾಟೀಲರು ಸ್ಥಾಪಿಸಿದ ರಯತ ಶಿಕ್ಷಣ ಸಂಸ್ಥೆಯ ಕಥೆಯೂ ಅಂಥದೇ. ಅವರ ಪತ್ನಿ ಲಕ್ಷ್ಮೀಬಾಯಿಯವರು ವಸತಿಗೃಹದ ಮಕ್ಕಳ ಊಟಕ್ಕಾಗಿ ಕೊರಳ ಮಂಗಳಸೂತ್ರವನ್ನೂ ಮಾರಿದರು. ಮನೆಮನೆಯ ಗೃಹಿಣಿಯರು ದಿನಕ್ಕೊಂದು ಹಿಡಿ ಧಾನ್ಯವನ್ನು ಶಾಲೆಯ ಮಕ್ಕಳಿಗಾಗಿ ತೆಗೆದಿಡುವ ಮುಷ್ಟಿ ನಿಧಿ ಅಲ್ಲಿ ನಡೆಯಿತು. ಆ ಹಿಡಿ ಧಾನ್ಯ ತೆಗೆದಿಟ್ಟ ತಾಯಂದಿರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಓದುಬರಹ ಬಾರದವರೂ ಶಾಲೆಯಲ್ಲಿ ಪಾಲ್ಗೊಳ್ಳಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸೊಲ್ಲಾಪುರದ ಕನ್ನಡದ ಮಾತು ಬಂದಾಗ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯದೆ ಮುಂದೆ ಹೋಗಲಾಗದು. 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ಅವರ ಮನೆಮಾತು ಕನ್ನಡ. ಶಾಲೆಯಲ್ಲಿ ಕಲಿತದ್ದು ಮರಾಠಿ. ಮುಂದೆ ಸ್ವಪ್ರಯತ್ನದಿಂದ ಕನ್ನಡ ಓದುಬರಹ ಕಲಿತು, ಸೊನ್ನಲಿಗೆಯ ಸಿದ್ಧರಾಮರ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಕಾವ್ಯವಾಗಿ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ಇದು ನಮ್ಮ ಊರಿಗೆ ಹೆಮ್ಮೆ. ಆದರೆ ಮನೆಯ ಭಾಷೆಯ ಅಕ್ಷರಗಳನ್ನು ಬೆಳೆದ ಮೇಲೆ ತಾವೇ ಹುಡುಕಿ ಕಲಿಯುವ ಛಲ ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಅಂಥ ಪ್ರಯಾಸವಿಲ್ಲದೆ, ಆರನೆಯ ವಯಸ್ಸಿನಲ್ಲಿಯೇ, ತಾಯಿಯ ಮಾತಿನಲ್ಲಿ ಅಕ್ಷರ ದೊರೆಯಲೆಂದು ಈ ಶಾಲೆ ಇದೆ.

ಈಗ ನಮ್ಮ ಬಿನ್ನಹಕ್ಕೆ ಬರುತ್ತೇವೆ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೆಯ ಇಯತ್ತೆಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. 6ರಿಂದ 8ನೆಯ ಇಯತ್ತೆಗೆ 220 ದಿನ, 1,000 ಗಂಟೆ. ವರ್ಷದಲ್ಲಿ ಒಟ್ಟು ಗಂಟೆಗಳು 8,760. ಅಂದರೆ ಚಿಕ್ಕ ಮಗು ತನ್ನ ಸಮಯದ ಹತ್ತರಲ್ಲಿ ಒಂದು ಪಾಲನ್ನೂ ಪಾಠದಲ್ಲಿ ಕಳೆಯುವುದಿಲ್ಲ. ನಿದ್ರೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಮಗು ಹೆಚ್ಚು ಹೊತ್ತು ಇರುವುದು ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ. "ಮಗುವನ್ನು ನಿಮಗೆ ಒಪ್ಪಿಸಿದ್ದೇವೆ, ಇನ್ನು ನೀವೇ ನೋಡಿಕೊಳ್ಳಿ" ಎಂದು ಪಾಲಕರು ವಿಶ್ವಾಸದಿಂದ ಹೇಳುತ್ತಾರೆ. ಆ ವಿಶ್ವಾಸಕ್ಕೆ ನಾವು ಋಣಿಗಳು. ಆದರೆ ಹತ್ತನೆಯ ಒಂದು ಪಾಲು ಸಮಯದಲ್ಲಿ ಬಿತ್ತಿದ್ದಕ್ಕೆ ಉಳಿದ ಒಂಬತ್ತು ಪಾಲಿನಲ್ಲಿ ನೀರು ಬೀಳದಿದ್ದರೆ ಬೆಳೆ ಬರುವುದಾದರೂ ಹೇಗೆ?

"ನಮಗೆ ಓದು ಬರುವುದಿಲ್ಲ, ನಾವೇನು ಹೇಳಿಕೊಡಬೇಕು?" ಎಂಬ ಪ್ರಶ್ನೆಯನ್ನು ನಾವು ಪ್ರತಿ ಪಾಲಕರ ಸಭೆಯಲ್ಲಿ ಕೇಳುತ್ತೇವೆ. ಬೀಡಿ ಕಟ್ಟುವ ತಾಯಿ, ಮಗ್ಗದ ಕೆಲಸದ ತಂದೆ, ಹೊಲದ ಕೂಲಿಗೆ ಹೋಗುವ ದಂಪತಿ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ, ಎಲ್ಲರ ಬಾಯಿಂದಲೂ ಇದೇ ಮಾತು. ಇದಕ್ಕೆ ನಮ್ಮ ಉತ್ತರ ಹೀಗಿದೆ: ಬೇರೆ ಮಾಧ್ಯಮದ ಶಾಲೆಯಾಗಿದ್ದರೆ ಈ ಪ್ರಶ್ನೆಗೆ ಉತ್ತರ ಕಠಿಣವಾಗುತ್ತಿತ್ತು. ನಮ್ಮ ಶಾಲೆಯ ಪಾಠ ನಿಮ್ಮ ಮನೆಯ ಮಾತಿನಲ್ಲಿದೆ. ಮಗು ಗಟ್ಟಿಯಾಗಿ ಓದಿದರೆ ನಿಮ್ಮ ಕಿವಿಗೆ ಅದು ಅರ್ಥವಾಗುತ್ತದೆ. ಎಲ್ಲಿ ತಡವರಿಸಿತು, ಎಲ್ಲಿ ಅರ್ಥವಿಲ್ಲದೆ ಉರುಹೊಡೆಯಿತು ಎಂಬುದು ತಿಳಿಯುತ್ತದೆ. ಅಕ್ಷರ ಬಾರದ ತಾಯಿಯೂ ಮಗುವಿನ ಪಾಠ ಕೇಳಬಲ್ಲಳು ಎಂಬುದೇ ಕನ್ನಡ ಮಾಧ್ಯಮ ನಮಗೆ ಕೊಟ್ಟಿರುವ ದೊಡ್ಡ ಸಂಪತ್ತು. ಆ ಸಂಪತ್ತನ್ನು ನಾವು ಬಳಸದೆ ಬಿಟ್ಟರೆ, ಮನೆಭಾಷೆಯ ಶಾಲೆಗೆ ಸೇರಿಸಿದ ಲಾಭದಲ್ಲಿ ಅರ್ಧವನ್ನು ಕಳೆದುಕೊಂಡಂತೆ.

ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ ಪಡೆಯುವ ಒಬ್ಬ ತಾಯಿ ನಮ್ಮ ಶಾಲೆಯ ಪಾಲಕರು. ಅವರ ಕೈಗೆ ಬಿಡುವಿಲ್ಲ. ಆದರೆ ಸಂಜೆ ಮೊರ ಮುಂದಿಟ್ಟುಕೊಂಡು ಕುಳಿತಾಗ ಮಗಳನ್ನು ಎದುರಿಗೆ ಕೂಡಿಸಿಕೊಂಡು ಪಾಠ ಓದಿಸುತ್ತಾರೆ. ಒಂದು ಪುಟ ಮುಗಿದ ಮೇಲೆ "ಈಗ ಪುಸ್ತಕ ಮುಚ್ಚಿ ನನಗೆ ಹೇಳು" ಎನ್ನುತ್ತಾರೆ. ಅವರು ಮಾಡುವುದು ಇಷ್ಟೇ. ಆ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಪಾಠದ ಸಾರಾಂಶವನ್ನು ತನ್ನ ಮಾತಿನಲ್ಲಿ ಹೇಳುವಾಗ, ಬಿ.ಎಡ್. ಪದವಿಯ ಪುಸ್ತಕಗಳಲ್ಲಿ ನಾವು ಓದಿದ ಬೋಧನಾಕ್ರಮ ಆ ತಾಯಿಗೆ ಯಾರೂ ಕಲಿಸದೆಯೇ ಒಲಿದಿದೆಯಲ್ಲ ಎಂದು ನಮಗೆ ಅನಿಸುತ್ತದೆ.

ಇನ್ನು ಗಣಿತ, ವಿಜ್ಞಾನಗಳ ಮಾತು. ಸಂತೆಯಲ್ಲಿ ಕಾಲು ಕಿಲೋ ಮೆಣಸಿನಕಾಯಿಗೆ ಎಷ್ಟಾಯಿತು, ನೂರರ ನೋಟಿಗೆ ಮರಳಿ ಬರಬೇಕಾದ ಚಿಲ್ಲರೆ ಎಷ್ಟು ಎಂದು ಮಗುವನ್ನೇ ಕೇಳಿರಿ. ದುಧನಿಯ ಮಾರುಕಟ್ಟೆಗೆ ತೊಗರಿ ಒಯ್ದಾಗ ತೂಕದ ಚೀಟಿಯನ್ನು ಎಂಟನೆಯ ಇಯತ್ತೆಯ ಮಗನ ಕೈಗೆ ಕೊಟ್ಟು ಲೆಕ್ಕ ತಾಳೆ ನೋಡೆನ್ನಿರಿ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋದಾಗ ಹಿಂಗಾರಿ ಜೋಳ ಮಳೆಯಿಲ್ಲದೆಯೂ ಕಪ್ಪು ನೆಲದಲ್ಲಿ ಹೇಗೆ ಬರುತ್ತದೆಂದು ಮಗು ಕೇಳಿದರೆ ಉತ್ತರಿಸಬಲ್ಲವರು ನೀವು. ಎರೆಮಣ್ಣು ತೇವ ಹಿಡಿದಿಡುತ್ತದೆಂಬುದನ್ನು ಪಾಠಪುಸ್ತಕ ಒಂದು ವಾಕ್ಯದಲ್ಲಿ ಹೇಳುತ್ತದೆ. ನೀವು ಅದನ್ನು ಅಂಗೈಯಲ್ಲಿ ಹಿಡಿದು ತೋರಿಸಬಲ್ಲಿರಿ.

ಈ ಮಾತಿನೊಡನೆ ಇಂಗ್ಲಿಷ್ ಮಾಧ್ಯಮದ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಬದಿಗಿಟ್ಟು ಈ ಸಮಾವೇಶ ನಡೆಸುವುದು ಪ್ರಾಮಾಣಿಕತೆಯಾಗದು. ಮಗು ನಾಲ್ಕು ಜನರಂತೆ ಇಂಗ್ಲಿಷ್ ಕಲಿಯಬೇಕು, ನೌಕರಿ ಹಿಡಿಯಬೇಕು ಎಂಬ ಪಾಲಕರ ಆಸೆ ತಪ್ಪಲ್ಲ. ಅದು ಪ್ರೀತಿಯಿಂದ ಹುಟ್ಟಿದ ಆಸೆ. ಆದರೆ ಕೆಲವು ಸಂಗತಿಗಳನ್ನು ತಿಳಿದು ನಿರ್ಧರಿಸಬೇಕು. ಮಹಾರಾಷ್ಟ್ರದ ಕನ್ನಡ ಶಾಲೆಗಳಲ್ಲಿಯೂ 1ನೆಯ ಇಯತ್ತೆಯಿಂದಲೇ ಇಂಗ್ಲಿಷ್ ವಿಷಯ ಇದೆ. ನಮ್ಮ ಮಗು ರಾಜ್ಯಭಾಷೆಯಾದ ಮರಾಠಿಯನ್ನು ಕಲಿಯುತ್ತದೆ. 2020ರ ಕಾಯ್ದೆಯಿಂದ ಅದು ಎಲ್ಲ ಮಾಧ್ಯಮಗಳಿಗೂ ಕಡ್ಡಾಯವಾಗಿದೆ. ಹಿಂದಿಯೂ ಕಿವಿಗೆ ಬೀಳುತ್ತದೆ. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳಿಬರುವ ಸೊಲ್ಲಾಪುರದಲ್ಲಿ ಬೆಳೆದ ಮಗುವಿಗೆ ಭಾಷೆಗಳ ಭಯವಿಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು, ಯೋಚಿಸಲು, ಬರೆಯಲು ಕಲಿತ ಮಗುವಿಗೆ ಎರಡನೆಯ, ಮೂರನೆಯ ಭಾಷೆ ಸುಲಭವಾಗುತ್ತದೆ. ಮಗುವಿನ ಮೊದಲ ಶಿಕ್ಷಣಕ್ಕೆ ಮಾತೃಭಾಷೆಯೇ ಯೋಗ್ಯವೆಂದು ಯುನೆಸ್ಕೊ ಸಂಸ್ಥೆ 1953ರಲ್ಲಿಯೇ ತನ್ನ ವರದಿಯಲ್ಲಿ ಹೇಳಿತು. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಸೂಚಿಸುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ, ಸಾಧ್ಯವಿರುವಲ್ಲೆಲ್ಲ ಕನಿಷ್ಠ 5ನೆಯ ತರಗತಿಯವರೆಗೆ ಮನೆಭಾಷೆಯನ್ನು ಮಾಧ್ಯಮವಾಗಿಸಬೇಕೆನ್ನುತ್ತದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಮುದ್ರಿಸುತ್ತ ಬಂದಿದೆ. ಸೌಲಭ್ಯವಿದೆ; ಅದನ್ನು ಪಡೆಯಲು ಮಕ್ಕಳು ಬೇಕು.

ಇಲ್ಲಿ ಇನ್ನೊಂದು ಲೆಕ್ಕವನ್ನೂ ಪಾಲಕರು ತಿಳಿದಿರಬೇಕು. ಶಿಕ್ಷಕರ ಹುದ್ದೆಗಳು ಮಂಜೂರಾಗುವುದು ಪಟದ ಮೇಲಿನ ಮಕ್ಕಳ ಸಂಖ್ಯೆಯ ಆಧಾರದ ಮೇಲೆ. ಹತ್ತು ಮನೆಗಳವರು ಹತ್ತು ಮಕ್ಕಳನ್ನು ಬೇರೆಡೆಗೆ ಒಯ್ದರೆ ಉಳಿದ ಮಕ್ಕಳ ಒಬ್ಬ ಶಿಕ್ಷಕರ ಹುದ್ದೆಗೆ ಕುತ್ತು ಬರಬಹುದು. ಹುದ್ದೆ ಹೋದರೆ ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕೂಡಬೇಕಾಗುತ್ತದೆ; ಅದನ್ನು ಕಂಡು ಮತ್ತೆ ಕೆಲವರು ಮಕ್ಕಳನ್ನು ಬಿಡಿಸುತ್ತಾರೆ. ಗಡಿಭಾಗದ ಕನ್ನಡ ಶಾಲೆ ಒಂದು ಆದೇಶದಿಂದ ಒಂದೇ ದಿನ ಮುಚ್ಚುವುದಿಲ್ಲ. ಹೀಗೆ ಒಂದೊಂದೇ ಹೆಸರು ಪಟದಿಂದ ಕಳಚಿ ಬರಿದಾಗುತ್ತದೆ. ಶತಮಾನೋತ್ಸವದ ದಿನ ಈ ಮಾತು ಅಮಂಗಲವೆಂದು ತೋರಿದರೂ ಹೇಳದೆ ಇರುವುದು ಸರಿಯಲ್ಲ.

ಹಾಗಾದರೆ ಪಾಲಕರು ಮಾಡಬೇಕಾದುದೇನು? ದೊಡ್ಡ ದೇಣಿಗೆಯನ್ನಾಗಲಿ, ದುಬಾರಿ ಟ್ಯೂಷನ್ನನ್ನಾಗಲಿ ನಾವು ಕೇಳುತ್ತಿಲ್ಲ.

ಮೊದಲನೆಯದು, ಹಾಜರಾತಿ. ಸಂಕ್ರಮಣದ ಗಡ್ಡಾ ಜಾತ್ರೆ ಮುಗಿಯುತ್ತಿದ್ದಂತೆ ಜೋಳದ ಸುಗ್ಗಿ ಆರಂಭವಾಗುತ್ತದೆ, ತರಗತಿಗಳು ತೆರವಾಗತೊಡಗುತ್ತವೆ. ಇಪ್ಪತ್ತು ದಿನ ತಪ್ಪಿಸಿದರೆ 200 ದಿನಗಳ ವರ್ಷದ ಹತ್ತನೆಯ ಒಂದು ಭಾಗ ಹೋಯಿತು. ಹೊಲದ ಕೆಲಸ ಕಲಿಯಬಾರದೆಂದು ನಾವು ಹೇಳುವುದಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯ ದಿನ ಕಲಿಯಲಿ. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ವಲಸೆ ಹೋಗುವ ಕುಟುಂಬಗಳು ಹೊರಡುವ ಮೊದಲು ನಮಗೆ ಒಂದು ಮಾತು ತಿಳಿಸಲಿ. ಮಗುವನ್ನು ಅಜ್ಜ ಅಜ್ಜಿಯರ ಬಳಿ ಬಿಡಲು ಸಾಧ್ಯವೇ, ಇಲ್ಲವಾದರೆ ಹೋದ ಊರಿನಲ್ಲಿ ಓದು ಮುಂದುವರಿಸಲು ಯಾವ ಪತ್ರ ಬೇಕು ಎಂಬುದನ್ನು ಕೂಡಿ ಯೋಚಿಸೋಣ. ಕಾಗದಪತ್ರಗಳ ಕೊರತೆಯ ನೆಪದಿಂದ ಯಾವ ಶಾಲೆಯೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ.

ಎರಡನೆಯದು, ದಿನಕ್ಕೆ ಅರ್ಧ ಗಂಟೆ. ಟಿ.ವಿ. ಮತ್ತು ಮೊಬೈಲುಗಳನ್ನು ಬದಿಗಿಟ್ಟು ಮಗು ಓದಲಿ, ಮನೆಯವರು ಕೇಳಲಿ. "ಇಂದು ಎಷ್ಟು ಅಂಕ ಬಂತು?" ಎಂಬ ಪ್ರಶ್ನೆಗಿಂತ "ಇಂದು ಏನು ಕಲಿತೆ, ನನಗೂ ಹೇಳು" ಎಂಬ ಪ್ರಶ್ನೆ ಮಗುವನ್ನು ಹೆಚ್ಚು ಬೆಳೆಸುತ್ತದೆ. ಇದು ತಾಯಿಯೊಬ್ಬಳ ಕೆಲಸವೆಂದು ತಂದೆಯರು ತಿಳಿಯಬಾರದು. ಪಾಲಕರ ಸಭೆಗೆ ಬರುವವರಲ್ಲಿ ತಾಯಂದಿರೇ ಹೆಚ್ಚು. ಕೂಲಿಯ ದಿನವನ್ನು ಬಿಟ್ಟು ಅವರು ಬರುತ್ತಾರೆ. ಆದರೆ ತಂದೆ ಒಮ್ಮೆ ತರಗತಿಯ ಬಾಗಿಲಲ್ಲಿ ನಿಂತು ಮಗನ ವಹಿಯನ್ನು ನೋಡಿದರೆ, ಓದು ನಮ್ಮ ಮನೆಯಲ್ಲಿ ಬೆಲೆಯುಳ್ಳ ವಸ್ತುವೆಂಬುದು ಆ ಮಗನಿಗೆ ಬೇರೆ ಉಪದೇಶವಿಲ್ಲದೆ ತಿಳಿಯುತ್ತದೆ.

ಮೂರನೆಯದು, ಹೆಣ್ಣುಮಕ್ಕಳ ಓದು. ಪ್ರಾಥಮಿಕ ಶಾಲೆ ಮುಗಿದ ಮೇಲೆ ಪ್ರೌಢಶಾಲೆ ಪಕ್ಕದ ಊರಿನಲ್ಲಿದೆ, ಬಸ್ಸಿಗೆ ಯಾರು ಕಾಯಬೇಕು ಎಂಬ ಕಾರಣದಿಂದ ಜಾಣ ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ. ಹಿಂದೆಯೇ ಮದುವೆಯ ಮಾತು ಬರುತ್ತದೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಅಹಿಲ್ಯಾಬಾಯಿ ಹೋಳ್ಕರರ ಹೆಸರಿನ ಯೋಜನೆಯಲ್ಲಿ ಎಸ್.ಟಿ. ಬಸ್ಸಿನ ಪಾಸು ಉಚಿತವಾಗಿ ದೊರೆಯುತ್ತದೆ. ಒಂದೇ ಓಣಿಯ ಐದಾರು ಹುಡುಗಿಯರನ್ನು ಕೂಡಿಸಿ ಕಳಿಸುವ ಏರ್ಪಾಡನ್ನು ಪಾಲಕರು ತಮ್ಮಲ್ಲಿಯೇ ಮಾಡಿಕೊಂಡರೆ ಬಹಳಷ್ಟು ಭಯ ದೂರವಾಗುತ್ತದೆ.

ನಾಲ್ಕನೆಯದು, ಶಿಷ್ಯವೃತ್ತಿಗಳು. ರಾಜ್ಯದ ಶಿಷ್ಯವೃತ್ತಿ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಬಹುದು. 8ನೆಯ ಇಯತ್ತೆಯಲ್ಲಿ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ದೊರೆಯುತ್ತದೆ. ಮಗು ಓದಲು ಸಿದ್ಧವಿದ್ದರೂ ಉತ್ಪನ್ನದ ದಾಖಲೆ ಸಕಾಲಕ್ಕೆ ಬಾರದೆ, ಬ್ಯಾಂಕಿನ ಖಾತೆಯ ಹೆಸರು ಆಧಾರ ಕಾರ್ಡಿನ ಹೆಸರಿಗೆ ಹೊಂದದೆ ಅವಕಾಶ ತಪ್ಪುವುದುಂಟು. ತಹಶೀಲದಾರ ಕಚೇರಿಯ ಒಂದು ದಿನದ ಓಡಾಟ ಮಗುವಿನ ನಾಲ್ಕು ವರ್ಷಗಳ ಓದಿಗೆ ಆಧಾರವಾಗುತ್ತದೆ.

ಐದನೆಯದು, ಶಾಲೆಯ ಆಡಳಿತದಲ್ಲಿ ಪಾಲು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕಾರ್ಯವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನದ ಖರ್ಚನ್ನು ಪರಿಶೀಲಿಸುವುದು ಆ ಸಮಿತಿಯ ಕೆಲಸ. ನಿಮ್ಮ ಹಳ್ಳಿಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿಯೂ ಈ ಸಮಿತಿಯುಂಟು. ಸಭೆಯ ವಹಿಯ ಮೇಲೆ ಸಹಿ ಮಾಡಿ ಮರಳುವುದಷ್ಟೇ ಸದಸ್ಯತ್ವವಲ್ಲ. ಕುಡಿಯುವ ನೀರು ಇದೆಯೇ, ಹುಡುಗಿಯರ ಶೌಚಾಲಯಕ್ಕೆ ಬಾಗಿಲಿದೆಯೇ, ಕನ್ನಡ ಪುಸ್ತಕಗಳು ಜೂನ್ ತಿಂಗಳಲ್ಲಿಯೇ ಮಕ್ಕಳ ಕೈಸೇರಿದವೇ, ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ ಮನವಿ ಹೋಯಿತೇ ಎಂದು ಕೇಳಿರಿ. ಶಿಕ್ಷಕರು ಬರೆದ ಪತ್ರಕ್ಕಿಂತ ಐವತ್ತು ಪಾಲಕರು ಸಹಿ ಮಾಡಿದ ಮನವಿಗೆ ತೂಕ ಹೆಚ್ಚು. 2002ರ ತಿದ್ದುಪಡಿಯ ನಂತರ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪಾಲಕರ ಮೂಲಭೂತ ಕರ್ತವ್ಯವೆಂದು ಸಂವಿಧಾನವೇ ಹೇಳಿದೆ. ಕರ್ತವ್ಯವಿರುವವರಿಗೆ ಪ್ರಶ್ನಿಸುವ ಅಧಿಕಾರವೂ ಇರುತ್ತದೆ.

ಇಷ್ಟನ್ನೆಲ್ಲ ಕೇಳುವ ನಾವು ಕೊಡುವುದೇನೆಂದು ತಾವು ಕೇಳಬಹುದು, ಕೇಳಲೇಬೇಕು. ಪಾಲಕರ ಸಭೆ ಕೂಲಿಯ ದಿನ ಮಧ್ಯಾಹ್ನ ನಡೆಯಲಾರದು. ನಿಮಗೆ ಅನುಕೂಲವಾದ ಸಂಜೆ ನಡೆಯುತ್ತದೆ. ಶಾಲೆಯಿಂದ ಕರೆ ಬಂದರೆ ಅದು ದೂರು ಹೇಳಲಿಕ್ಕೆ ಮಾತ್ರವೆಂಬ ಭಾವನೆ ಹೋಗಬೇಕು; ಮಗು ಚೆನ್ನಾಗಿ ಮಾಡಿದ ದಿನವೂ ನಿಮಗೆ ಸುದ್ದಿ ಬರುತ್ತದೆ. ಯಾವ ಪಾಲಕರನ್ನೂ ಅವರ ಬಟ್ಟೆಯಿಂದ, ಅಕ್ಷರದಿಂದ, ಕಸುಬಿನಿಂದ ಈ ಶಾಲೆ ಅಳೆಯುವುದಿಲ್ಲ. ಯಾವ ಮಗುವನ್ನೂ ಅದರ ತಂದೆತಾಯಿಗಳೆದುರು ಇತರರೊಡನೆ ಹೋಲಿಸಿ ಹೀಗಳೆಯುವುದಿಲ್ಲ. ಇದು ಶಿಕ್ಷಕ ವೃಂದದ ಪರವಾಗಿ ನಾವು ಕೊಡುವ ವಚನ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ತಾವು ಕಟ್ಟಡಕ್ಕೆ, ಗಣಕಯಂತ್ರಗಳಿಗೆ ನೀಡಿದ ನೆರವಿಗೆ ಶಾಲೆ ಕೃತಜ್ಞವಾಗಿದೆ. ಆದರೆ ಕನ್ನಡ ಶಾಲೆಯಲ್ಲಿ ಓದಿದರೆ ಮುಂದೆ ದಾರಿಯಿಲ್ಲವೆಂದು ಅಂಜುವ ಒಬ್ಬ ತಾಯಿಗೆ ತಾವೇ ಜೀವಂತ ಉತ್ತರ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ತಮ್ಮ ಓಣಿಯ ಒಂದು ಮನೆಗೆ ಹೋಗಿ, ಅಲ್ಲಿಯ ಮಗುವಿನೊಡನೆ ಹತ್ತು ನಿಮಿಷ ಕುಳಿತು, ತಾವು ಓದಿದ ದಾರಿಯನ್ನು ಹೇಳಿರಿ. ಅಂಥ ದಾನಕ್ಕೆ ಪಾವತಿ ಕೊಡಲು ನಮಗೆ ಸಾಧ್ಯವಿಲ್ಲ. ಆದರೆ ಅದರ ಫಲ ನಮ್ಮ ಪಟದ ಮೇಲೆ ಕಾಣುತ್ತದೆ.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರೆಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಆ ಕೆರೆ ಊರವರ ಕೈಗಳಿಂದ ಆದದ್ದು. ಕೆರೆ ಕಟ್ಟುವವರು ಒಂದು ತಲೆಮಾರಿನವರು. ಹೂಳು ತೆಗೆದು ಅದನ್ನು ಕಾಯಬೇಕಾದವರು ಪ್ರತಿ ತಲೆಮಾರಿನವರು. ನೂರು ವರ್ಷಗಳ ಹಿಂದಿನವರು ತಮ್ಮ ಪಾಲಿನದನ್ನು ಮಾಡಿ ಹೋದರು. ಅವರ ಹೆಸರುಗಳನ್ನು ಈ ಸಂಚಿಕೆ ಗೌರವದಿಂದ ದಾಖಲಿಸುತ್ತದೆ. ನಮ್ಮ ಪಾಲಿನ ಕೆಲಸ ನಾಳೆ ಬೆಳಿಗ್ಗೆ ಮಗುವನ್ನು ಸಕಾಲಕ್ಕೆ ಶಾಲೆಗೆ ಕಳಿಸುವುದರಿಂದ, ನಾಳೆ ಸಂಜೆ ಅದರ ಪಾಠವನ್ನು ಕಿವಿಗೊಟ್ಟು ಕೇಳುವುದರಿಂದ ಆರಂಭವಾಗಲಿ.